ಕಪ್ಪತಗುಡ್ಡದ ಮೇಲೆ ನಮ್ಮ ಜೀಪು

ನಾನು ಕಪ್ಪತಗುಡ್ಡವನ್ನು ಮೊದಲ ಸಲ ಏರಿದ್ದು ಬೆನ್ನು ಮುಂದಾಗಿ. ಜೀಪಿನ ಹಿಂಬದಿಯಲ್ಲಿ ಅರಳೆಯ ಗಾದಿ ಹಾಸಿ ನನ್ನನ್ನೂ ಅತ್ತೆಯವರನ್ನೂ ಕೂಡಿಸಿದ್ದರು. ನಮ್ಮ ಮುಖ ಹಿಂದಕ್ಕಿತ್ತು. ಹೀಗಾಗಿ ಗುಡ್ಡ ಎಲ್ಲಿ ಶುರುವಾಯಿತೋ ನನಗೆ ಕಾಣಲಿಲ್ಲ, ಬಿಟ್ಟು ಬಂದ ನೆಲವಷ್ಟೇ ಕಾಣುತ್ತಿತ್ತು. ಮೊದಲು ಎರೆಹೊಲಗಳ ಕರಿ ಬಣ್ಣ, ಆಮೇಲೆ ಡಂಬಳದ ಕೆರೆ, ಸ್ವಲ್ಪ ಹೊತ್ತಿಗೆ ಆ ಕೆರೆಯೂ ಯಾರೋ ಅಂಗಳದಲ್ಲಿ ಮರೆತುಹೋದ ತಾಟಿನಷ್ಟಾಗಿ ಹೊಳೆಯತೊಡಗಿತು. ಜೀಪಿನ ಎರಡೂ ಬದಿಗೆ ಎದೆಮಟ್ಟದ ಹುಲ್ಲು ಬಾಗಿ ನಮಗೆ ಜಾಗ ಕೊಡುತ್ತಿತ್ತು. ದಾರಿ ಅನ್ನುವುದು ಇರಲೇ ಇಲ್ಲ. ನೀರಿನ ಮೇಲೆ ತೆಪ್ಪ ಹೋದ ಹಾಗೆ ಹೋಗುತ್ತಿದ್ದೆವು.

"ಹಾರಿಧಂಗ ಆಗಾಕತ್ತೈತಿ," ಎಂದರು ಅತ್ತೆ. ಹಾಗೆನ್ನುತ್ತಲೇ ತಲೆಯ ಮೇಲಿನ ಸೆರಗನ್ನು ಹೆಗಲಿಗೆ ಇಳಿಸಿಕೊಂಡರು. ಮದುವೆಯಾಗಿ ಬಂದಾಗಿನಿಂದ ಅವರ ಕೂದಲನ್ನು ನಾನು ಬಯಲಲ್ಲಿ ನೋಡಿರಲಿಲ್ಲ. ಬೆಳ್ಳಗೆ, ತೆಳ್ಳಗೆ, ಗಾಳಿಗೆ ಎದ್ದು ಅವರ ಮುಖದ ಸುತ್ತ ಆಡುತ್ತಿತ್ತು.

ನಮ್ಮದು ಬೆಟಗೇರಿಯ ಹತ್ತಿ ವ್ಯಾಪಾರದ ಮನೆ. ಮುಂದಿನ ಪಡಸಾಲೆ ಅಂಗಡಿ, ಹಿತ್ತಲು ಗೋದಾಮು, ನಡುವೆ ನಾವು. ಸುಗ್ಗಿ ಬಂತೆಂದರೆ ಮನೆಯ ಗಾಳಿಯಲ್ಲೆಲ್ಲ ಹತ್ತಿಯ ಎಳೆ ತೇಲುತ್ತಿತ್ತು. ಕೊಡದ ನೀರಿನ ಮೇಲೆ, ಕಲಸಿಟ್ಟ ಹಿಟ್ಟಿನ ಮೇಲೆ, ಮಲಗಿದವರ ಕಣ್ಣರೆಪ್ಪೆಯ ಮೇಲೆ ಬಂದು ಕೂಡುತ್ತಿತ್ತು. ಬಿಸಿಲುಕೋಲಿನಲ್ಲಿ ನೋಡಲು ಚಂದ. ಆದರೆ ಅದೇ ಎಳೆ ಅತ್ತೆಯವರ ಎದೆಯಲ್ಲಿ ಕೂತಿತ್ತು. ಅವರಿಗೆ ದಮ್ಮು. ಉಸಿರು ಎಳೆದಾಗ ಹಳೆಯ ಬಾಗಿಲು ತೆರೆದಂಥ ಸಪ್ಪಳ ಬರುತ್ತಿತ್ತು. ಮಾವನವರು ತೀರಿಕೊಂಡ ಮೇಲೆ ಅವರು ನಮ್ಮ ಓಣಿ ದಾಟಿ ಹೋದದ್ದು ಅಪರೂಪ. ಔಷಧಿ ಕೊಡುತ್ತಿದ್ದ ವೈದ್ಯರು ಒಂದು ದಿನ ಪುಡಿ ಕಟ್ಟುವುದನ್ನು ನಿಲ್ಲಿಸಿ, "ಇವರಿಗೆ ಬೇಕಾದದ್ದು ಗಾಳಿರಿ. ಒಳ್ಳೆ ಗಾಳಿ," ಎಂದರು.

ನಮ್ಮ ಮನೆಯವರು ಆ ಹೊತ್ತಿಗೆ ಪುಣೆಯಿಂದ ಒಂದು ಜೀಪು ತಂದಿದ್ದರು. ಲಡಾಯಿ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗೆ ಹಾಕಿದ್ದು. ಹೊಂಬಳ, ಮುಳಗುಂದದ ಕಡೆ ಹತ್ತಿ ನೋಡಲು ಹೋದಾಗ, ಒಂದು ಮಳೆ ಬಿದ್ದರೂ ಎರೆಮಣ್ಣಿನಲ್ಲಿ ಗಾಡಿ ಹೂತುಹೋಗುತ್ತಿತ್ತು, ಅದಕ್ಕೆಂದು ಕೊಂಡದ್ದು. ಹಿಂದಿನ ಸೀಟು ಕಿತ್ತಿಸಿ ಹತ್ತಿಯ ಗಂಟು ಹೇರಲು ಜಾಗ ಮಾಡಿಸಿದ್ದರು. ಅದನ್ನು ಅವರು ಯಾರ ಕೈಗೂ ಕೊಡುತ್ತಿರಲಿಲ್ಲ. ತಾವೇ ಕಲಿತು ತಾವೇ ನಡೆಸುತ್ತಿದ್ದರು. ವೈದ್ಯರ ಮಾತು ಕೇಳಿದ ಮರುವಾರವೇ ಗಾದಿ ಹಾಸಿ, ನೀರಿನ ಹೂಜಿ ಕಟ್ಟಿ, "ಯವ್ವಾ, ಏಳು. ಗುಡ್ಡಕ್ಕ ಹೋಗೂಣು," ಎಂದರು. ಸ್ವಾತಂತ್ರ್ಯ ಬಂದ ವರ್ಷದ ಚಳಿಗಾಲ ಅದು. ಬಾವುಟ ಹಾರಿಸಿದ್ದನ್ನೂ ಪೇಡೆ ಹಂಚಿದ್ದನ್ನೂ ನಾನು ಮಾಳಿಗೆಯ ಕಿಟಕಿಯಿಂದ ನೋಡಿದ್ದೆ. ಆದರೆ ಸ್ವಾತಂತ್ರ್ಯ ಎಂದು ಯಾರಾದರೂ ಅಂದರೆ ಇವತ್ತಿಗೂ ನನಗೆ ಆ ಬಾವುಟ ನೆನಪಾಗುವುದಿಲ್ಲ, ಗುಡ್ಡದ ಹುಲ್ಲೇ ನೆನಪಾಗುತ್ತದೆ.

ಆ ಹುಲ್ಲಿಗೆ ಒಂದು ವಾಸನೆ ಇತ್ತು, ಹಿಸುಕಿದರೆ ನಿಂಬೆಯಂಥದ್ದು. ಗಾಲಿ ಅದನ್ನು ತುಳಿದಂತೆಲ್ಲ ವಾಸನೆ ಎದ್ದು ಬರುತ್ತಿತ್ತು. ಮೇಲೆ ಹೋಗಿ ಜೀಪು ನಿಲ್ಲಿಸಿದರೆ, ಎಂಜಿನಿನ ಸದ್ದು ನಿಂತ ಕೂಡಲೇ ಗಾಳಿಯ ಸದ್ದು ಶುರುವಾಗುತ್ತಿತ್ತು. ಅಲ್ಲಿ ಕೂತರೆ ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲ. ಮೋಡದ ನೆರಳು ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ದನ ಮೇಯಲು ಹೋದ ಹಾಗೆ ಹೋಗುತ್ತಿತ್ತು. ಅತ್ತೆ ಕಾಲು ಚಾಚಿ, ಸೀರೆಯ ಅಂಚನ್ನು ಮೊಣಕಾಲಿನವರೆಗೆ ಸರಿಸಿ, ಹುಲ್ಲಿನೊಳಗೆ ಪಾದ ಬಿಟ್ಟುಕೊಂಡು ಕೂಡುತ್ತಿದ್ದರು. ಒಂದೆರಡು ತಾಸಾದ ಮೇಲೆ ಅವರ ಎದೆಯ ಸಪ್ಪಳ ಸಣ್ಣದಾಗಿ, ಕೊನೆಗೆ ಇಲ್ಲವಾಗುತ್ತಿತ್ತು. ನಾನು ಅದನ್ನೇ ಕಿವಿಗೊಟ್ಟು ಕೇಳುತ್ತಿದ್ದೆ.

ಅಮಾವಾಸ್ಯೆಗೊಮ್ಮೆ ಅಂಗಡಿ ಮುಚ್ಚಿದ ದಿನ ಗುಡ್ಡಕ್ಕೆ ಹೋಗುವುದು ರೂಢಿಯಾಯಿತು. ನಮ್ಮ ಮನೆಯವರು ಒಮ್ಮೆ ಹೋದ ಕಡೆ ಇನ್ನೊಮ್ಮೆ ಹೋಗುತ್ತಿದ್ದದ್ದು ಅಪರೂಪ. ಹೊಸ ಹುಲ್ಲು, ಹೊಸ ಇಳಿಜಾರು, ಹೊಸ ನೆತ್ತಿ. ಸ್ಟೇರಿಂಗು ಹಿಡಿದರೆ ಅವರು ಅಂಗಡಿಯಲ್ಲಿ ತಕ್ಕಡಿಯ ಮುಂದೆ ಕೂಡುವ ಮನುಷ್ಯನೇ ಅಲ್ಲ ಅನ್ನಿಸುತ್ತಿತ್ತು. ಹಾಡು ಗುನುಗುತ್ತಿದ್ದರು. ನಾನು ಅವರನ್ನು ಹತ್ತಿರದಿಂದ ಅರಿತದ್ದು ಅಲ್ಲಿಯೇ. ಮನೆಯಲ್ಲಿ ಹಗಲು ಹೊತ್ತು ಗಂಡನ ಜೊತೆ ಮಾತಾಡುವ ಪದ್ಧತಿ ಇರಲಿಲ್ಲ. ಗುಡ್ಡದ ಮೇಲೆ ಅತ್ತೆಯೇ, "ನಾ ಇಲ್ಲೆ ಕುಂತಿರತೇನಿ, ನೀವು ಒಂದೀಟು ಅಡ್ಡ್ಯಾಡಿ ಬರ್ರಿ," ಎಂದು ನಮ್ಮನ್ನು ಕಳಿಸುತ್ತಿದ್ದರು.

ಆ ಗುಡ್ಡಕ್ಕೆ ಆಗ ಇಬ್ಬರು ಒಡೆಯರು. ನಮ್ಮ ಗದಗಿನ ಮಗ್ಗಲು ಮುಂಬಯಿ ಸರಕಾರದ್ದು, ಆಚೆ ಶಿರಹಟ್ಟಿಯ ಮಗ್ಗಲು ಸಂಸ್ಥಾನದ್ದು. ನಡುವೆ ಅಲ್ಲಲ್ಲಿ ಸುಣ್ಣ ಬಳಿದ ಕಲ್ಲುಗುಪ್ಪೆ. ನಮ್ಮ ಮಗ್ಗಲಲ್ಲಿ ಜಂಗಲ್ ಖಾತೆಯ ಒಬ್ಬ ಗಾರ್ಡ್ ಇದ್ದ. ಕಪ್ಪಗೆ, ಎತ್ತರಕ್ಕೆ, ಖಾಕಿ ಅಂಗಿ, ಮೊಣಕಾಲುದ್ದದ ಧೋತರ. ಒಂದು ದಿನ ಅವನು ಕೆಳಗಿನಿಂದ ಸೀಟಿ ಊದುತ್ತಾ ಕೈ ಬೀಸುತ್ತಾ ಓಡಿ ಬಂದ. ನಮ್ಮ ಮನೆಯವರು ನಗುತ್ತಾ ಜೀಪನ್ನು ಕಲ್ಲುಗುಪ್ಪೆಯ ಆಚೆ ದಾಟಿಸಿ ನಿಲ್ಲಿಸಿದರು. ಗಾರ್ಡ್ ಈಚೆ ಕಲ್ಲಿನ ಮೇಲೆ ಏದುಸಿರು ಬಿಡುತ್ತಾ ಕೂತ.

"ಸಾಹುಕಾರ್ರ, ಗಾಡಿ ಹಿಂಗ ಹುಲ್ಲಾಗ ಹೊಡೀಬಾರದ್ರಿ. ಮೀಸಲ ಅರಣ್ಯ ಐತಿ ಇದು."

"ನಾ ಎಲ್ಲಿ ಅದೇನಿ ನೋಡು. ಇದು ಸಂಸ್ಥಾನ. ನಿನ್ನ ಕಾಯ್ದೆ ಇಲ್ಲಿ ನಡಿಯೂದಿಲ್ಲ."

"ಸಂಸ್ಥಾನದ ಗಾರ್ಡ್ ಹೇಳಬೇಕ್ರಿ ನಿಮಗ. ಆಂವ ಹೊರಸಿನ ಮ್ಯಾಲೆ ಮಲಗ್ಯಾನ," ಎಂದು ಗಾರ್ಡ್ ಕೂಡ ನಕ್ಕುಬಿಟ್ಟ.

ಅತ್ತೆ ಬುತ್ತಿ ಬಿಚ್ಚಿ, ಖಡಕ್ ರೊಟ್ಟಿಯ ಮೇಲೆ ಶೇಂಗಾಹಿಂಡಿ ಹಾಕಿ, ಎದ್ದು ಹೋಗಿ ಕಲ್ಲುಗುಪ್ಪೆಯ ಈಚೆಗೆ ಕೈ ಚಾಚಿ ಅವನಿಗೆ ಕೊಟ್ಟರು. "ಓಡಿ ಬಂದೀಯಪಾ, ತಿನ್ನು," ಎಂದರು. ಅವನು ಮುಂಬಯಿ ಸರಕಾರದಲ್ಲಿ ಕೂತು ತಿಂದ, ನಾವು ಸಂಸ್ಥಾನದಲ್ಲಿ ಕೂತು ತಿಂದೆವು.

ಮುಂದಿನ ವರ್ಷ ಸಂಸ್ಥಾನಗಳೆಲ್ಲ ವಿಲೀನವಾದವು. ಲಕ್ಷ್ಮೇಶ್ವರ, ಶಿರಹಟ್ಟಿ ಎಲ್ಲ ಒಂದೇ ಸರಕಾರಕ್ಕೆ ಸೇರಿದವು. ಆ ಸುದ್ದಿ ಊರಲ್ಲಿ ಎಷ್ಟು ದೊಡ್ಡದಾಗಿ ನಡೆಯಿತೋ, ಗುಡ್ಡದಲ್ಲಿ ಅಷ್ಟೇ ಸಣ್ಣದಾಗಿ ಬಂತು. ಗಾರ್ಡ್ ಕಲ್ಲುಗುಪ್ಪೆ ದಾಟಿ ಬಂದು ಜೀಪಿನ ಪಕ್ಕ ನಿಂತು, "ಸಾಹುಕಾರ್ರ, ಇನ್ನ ಓಡಿಹೋಗಾಕ ಜಾಗ ಇಲ್ಲರಿ. ಗುಡ್ಡ ಪೂರಾ ಒಂದ ಆತು," ಎಂದ.

ನಮ್ಮ ಮನೆಯವರು ಅದನ್ನು ತಮಾಷೆ ಎಂದೇ ತಿಳಿದರು. ಅಷ್ಟು ಹೊತ್ತಿಗೆ ಗುಡ್ಡ ಹತ್ತುವ ಜೀಪು ನಮ್ಮದೊಂದೇ ಆಗಿರಲಿಲ್ಲ. ಗದಗಿನ ಗುತ್ತಿಗೆದಾರರು, ಶಿಕಾರಿಯ ಹುಚ್ಚಿನವರು, ದೂರದಿಂದ ಬಂದ ಬೀಗರಿಗೆ ಗುಡ್ಡ ತೋರಿಸಬೇಕೆನ್ನುವವರು, ಎಲ್ಲರೂ ಹರಾಜಿನ ಜೀಪು ತಂದಿದ್ದರು. ನಮ್ಮ ಗಾಲಿ ಗುರುತು ನೋಡಿ ಅವರೂ ಏರುತ್ತಿದ್ದರು. ಅವರ ಗುರುತು ನೋಡಿ ಕೆಳಗಿನ ಹಳ್ಳಿಗಳ ಎತ್ತಿನಗಾಡಿಗಳೂ ಹುಲ್ಲು ತರಲು ಹತ್ತಿರದ ದಾರಿ ಸಿಕ್ಕಿತೆಂದು ಅದೇ ಇಳಿಜಾರಿನಲ್ಲಿ ನೇರ ಏರತೊಡಗಿದವು. ಒಮ್ಮೆ ನೆತ್ತಿಯ ಮೇಲೆ ನಿಂತು ನೋಡಿದೆ. ಹಸಿರು ಗುಡ್ಡದ ಮೈಮೇಲೆ ಕೆಂಪು ಗೆರೆಗಳು, ಒಂದರ ಮೇಲೊಂದು, ಕೂಡಿ, ಅಗಲಿ, ಮತ್ತೆ ಕೂಡಿ ಹೋಗಿದ್ದವು. ಆಗ ನನಗೆ ಅದು ಚಂದವೇ ಅನ್ನಿಸಿತ್ತು. ರಂಗೋಲಿ ಬಿಡಿಸಲು ಕಲಿಯುವ ಹುಡುಗಿ ಎಳೆದ ಗೆರೆಗಳಂತಿದ್ದವು.

ಕೆಲವು ವರ್ಷ ಹೀಗೆಯೇ ನಡೆಯಿತು. ಆಮೇಲೊಂದು ವರ್ಷ ಮುಂಗಾರು ಜೋರಾಗಿ ಹೊಡೆಯಿತು. ಮಳೆಗಾಲವೆಲ್ಲ ಗುಡ್ಡಕ್ಕೆ ಹೋಗಲಾಗಲಿಲ್ಲ. ಮಳೆ ನಿಂತು ಬಿಸಿಲು ಬಂದ ಮೇಲೆ, ಎಳೆ ಹುಲ್ಲಿನ ಆಸೆಗೆ ಹೊರಟೆವು. ಮೊದಲ ಸಲ ಏರಿದ್ದ ಇಳಿಜಾರಿನ ಬುಡಕ್ಕೆ ಬಂದು ಜೀಪು ತಾನಾಗಿಯೇ ನಿಂತಿತೋ ಅನ್ನುವ ಹಾಗೆ ನಿಂತಿತು. ನಮ್ಮ ಮನೆಯವರು ಇಳಿದು ಮುಂದೆ ಹೋಗಿ ನಿಂತರು. ನಾನೂ ಇಳಿದೆ. ನಮ್ಮ ಗಾಲಿಗಳು ಹೋದ ಕಡೆ ಒಂದು ಕೊರಕಲು ಬಾಯಿ ಬಿಟ್ಟಿತ್ತು. ಅದರೊಳಗೆ ಇಳಿದರೆ ನನ್ನ ತಲೆ ಹೊರಗೆ ಕಾಣುವಂತಿರಲಿಲ್ಲ. ಎರಡೂ ಬದಿಯಲ್ಲಿ ಹುಲ್ಲಿನ ಬೇರು ಗಾಳಿಯಲ್ಲಿ ಜೋತಾಡುತ್ತಿದ್ದವು. ಗಾಲಿ ಗುರುತಿನಲ್ಲಿ ಹರಿದ ನೀರು ಮಣ್ಣನ್ನೆಲ್ಲ ಹೊತ್ತುಕೊಂಡು ಕೆಳಗೆ ಹೋಗಿತ್ತು.

ಕೊರಕಲಿನ ಬುಡದಲ್ಲಿ ಒಬ್ಬ ಕುರಿಗಾರ ಹೆಂಗಸು ಬಾಗಿ ಏನೋ ಮಾಡುತ್ತಿದ್ದಳು. ಅಲ್ಲಿ ಒಂದು ವರತೆ ಇತ್ತು. ಬೇಸಿಗೆಯಲ್ಲೂ ಬತ್ತದೆ ಸಣ್ಣಗೆ ಜಿನುಗುವ ಗುಂಡಿ. ಅವಳ ಕುರಿಗಳೂ ಹತ್ತಿರದ ಹಟ್ಟಿಯವರೂ ಕುಡಿಯುತ್ತಿದ್ದದ್ದು ಅದನ್ನೇ. ಅದರ ತುಂಬ ಕೆಂಪು ರಾಡಿ. ಅವಳು ತಗಡಿನ ಡಬ್ಬಿಯಿಂದ ರಾಡಿ ತೋಡಿ ತೋಡಿ ಹೊರಗೆ ಚೆಲ್ಲುತ್ತಿದ್ದಳು.

ಅತ್ತೆ ಜೀಪಿನಲ್ಲಿಯೇ ಕೂತು ಕೂಗಿ ಕೇಳಿದರು. "ಏನಾತವಾ ನೀರಿಗೆ?"

ಅವಳು ಬೆನ್ನು ನೆಟ್ಟಗೆ ಮಾಡಿ ನಮ್ಮನ್ನು ನೋಡಿದಳು. ಸಿಟ್ಟಿರಲಿಲ್ಲ, ದಣಿದಿದ್ದಳು. "ಗುಡ್ಡ ಇಳದು ಬಂದೈತ್ರಿ ಅವ್ವಾರ. ಗಾಲಿ ಮ್ಯಾಲೆ ಹೋದವು, ಮಣ್ಣು ಕೆಳಗ ಬಂತು. ದಿನಾ ತೋಡತೇನಿ, ದಿನಾ ತುಂಬತೈತಿ."

"ಯಾರ ಗಾಲಿ?"

"ನಮಗೇನ ತಿಳೀತೈತ್ರಿ? ಎಲ್ಲಾರವು ಗುಂಡಗ ಇರತಾವು."

ಅತ್ತೆ ನನ್ನ ಕೈ ಹಿಡಿದು ಇಳಿದರು. ವರತೆಯ ದಂಡೆಯವರೆಗೆ ಮೆಲ್ಲಗೆ ನಡೆದು ಹೋಗಿ, ಬೊಗಸೆಯಲ್ಲಿ ಆ ನೀರು ತೆಗೆದುಕೊಂಡು ನೋಡಿದರು. ಬೆರಳ ಸಂದಿಯಿಂದ ಕೆಂಪಗೆ ಸೋರಿತು. ನಾವು ತಂದಿದ್ದ ಹೂಜಿಯ ನೀರನ್ನು ಆ ಹೆಂಗಸಿಗೆ ಕುಡಿಯಲು ಕೊಟ್ಟರು. ಆಮೇಲೆ ಮಗನ ಕಡೆ ತಿರುಗಿ, "ಇವತ್ತ ಮ್ಯಾಲೆ ಬ್ಯಾಡ. ಮನೀಗೆ ನಡಿ," ಎಂದರು. ಜೀಪು ತಿರುಗಿತು. ಮುಖ ಹಿಂದಕ್ಕಿದ್ದುದರಿಂದ ಆ ಕೊರಕಲು ನಮಗೆ ಬಹಳ ದೂರದವರೆಗೆ ಕಾಣುತ್ತಲೇ ಇತ್ತು.

ಆ ಚಳಿಗಾಲ ಅವರು ಗುಡ್ಡಕ್ಕೆ ಬರಲು ಒಪ್ಪಲಿಲ್ಲ. ಹತ್ತಿ ಬಂತು, ಮನೆಯಲ್ಲಿ ಎಳೆ ಹಾರಿತು, ದಮ್ಮು ಹೆಚ್ಚಾಯಿತು. ಗೋಡೆಗೆ ದಿಂಬು ಇಟ್ಟು ಒರಗಿ ಕೂತೇ ನಿದ್ದೆ ಮಾಡುತ್ತಿದ್ದರು. ಅತ್ತ ಗುಡ್ಡದಲ್ಲಿ ಗಾರ್ಡ್ ಪ್ರತಿ ಇಳಿಜಾರಿನ ಬಾಯಿಗೂ ಜಾಲಿಯ ಕಂಟಿ ಕಡಿದು ಹಾಕಿದ. ರಾತ್ರಿ ಹಾಕಿದ್ದನ್ನು ಹಗಲಿಗೆ ಯಾರೋ ಎಳೆದೊಗೆಯುತ್ತಿದ್ದರು. ಜೀಪಿನವರು ಗಾಡಿಯವರ ಮೇಲೆ, ಗಾಡಿಯವರು ಜೀಪಿನವರ ಮೇಲೆ ಹೇಳುತ್ತಿದ್ದರು. ನಮ್ಮ ಮನೆಯವರು ಅತ್ತೆಯ ಉಸಿರು ಕೇಳಲಾರದೆ ಒಂದು ದಿನ ಅಂಗಿ ಟೋಪಿ ಹಾಕಿಕೊಂಡು ಹೊರಟು ನಿಂತರು.

"ಧಾರವಾಡಕ್ಕ ಹೋಗಿ ದೊಡ್ಡ ಸಾಹೇಬ್ರ ಕಡೆ ಪರವಾನಗಿ ತರತೇನಿ. ನಮ್ಮವ್ವಗ ಜಡ್ಡು ಐತಿ ಅಂತ ಹೇಳತೇನಿ. ನಮ್ಮ ಜೀಪು ಒಂದು ಬಿಡಾಕ ಹೇಳತೇನಿ."

ಅತ್ತೆ ದಿಂಬಿಗೆ ಒರಗಿದಲ್ಲಿಂದಲೇ ಅಂದರು. "ನನ್ನ ದಮ್ಮು ಮುಂದ ಮಾಡಿ ನೀ ಏನೂ ತರಬ್ಯಾಡ."

"ಯವ್ವಾ, ಗಾಳಿ ಬೇಕು ನಿನಗ."

"ಬೇಕು. ಆಕೀಗೆ ನೀರು ಬೇಕು."

ನಮ್ಮ ಮನೆಯವರು ಟೋಪಿ ತೆಗೆದು ಗೂಟಕ್ಕೆ ಹಾಕಿದರು. ಅವತ್ತು ಊಟ ಮಾಡಲಿಲ್ಲ. ಅವರಿಗೆ ತಾಯಿಯ ಮೇಲೆ ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು. ನನಗೂ ಹಾಗೆಯೇ. ನನಗೇನು ಸಿಕ್ಕಿತ್ತೋ ಆ ಗುಡ್ಡದಲ್ಲಿ, ಅದು ಯಾರ ಕಾಯ್ದೆಯಲ್ಲೂ ಬರೆಯುವಂಥದ್ದಲ್ಲ. ಓಣಿಯ ಬೇರೆ ಹೆಂಗಸರಿಗೆ ಇಲ್ಲದ ಒಂದು ಆಕಾಶ ನಮ್ಮಿಬ್ಬರಿಗೆ ಸಿಕ್ಕಿತ್ತು, ಅಷ್ಟೇ ಹೇಳಬಲ್ಲೆ.

ಬೇಸಿಗೆಯ ಮೊದಲಲ್ಲಿ ಜಂಗಲ್ ಖಾತೆಯ ಸಾಹೇಬರು ಗುಡ್ಡದ ಬುಡದ ಹಳ್ಳಿಗೆ ಬಂದು ಜನರನ್ನು ಕರೆಸಿದರು. ಜೀಪು ಇದ್ದವರಿಗೆಲ್ಲ ಹೇಳಿ ಕಳಿಸಿದ್ದರು. "ನಾನೂ ಬರತೇನಿ," ಎಂದರು ಅತ್ತೆ. ಒಂದು ಹುಣಸೆಮರದ ಕೆಳಗೆ ಕಂಬಳಿ ಹಾಸಿದ್ದರು. ಗಂಡಸರು ಅಲ್ಲಿ ಕೂತರು. ಜೀಪನ್ನು ನೆರಳಿಗೆ ನಿಲ್ಲಿಸಿ, ನಾವಿಬ್ಬರೂ ಅದರೊಳಗೇ ಸೆರಗು ಎಳೆದುಕೊಂಡು ಕೂತೆವು. ಸಾಹೇಬರು ಮರಾಠಿ ಬೆರೆತ ಕನ್ನಡದಲ್ಲಿ, ಗಾಲಿ ಇರುವ ಯಾವುದೂ ಇನ್ನು ಮೇಲೆ ಗುಡ್ಡ ಹತ್ತಕೂಡದು ಎಂದರು.

ಗಾಡಿಯವರ ಪೈಕಿ ಒಬ್ಬ ಮುದುಕ ಎದ್ದು ನಿಂತ. ಅವನ ತಲೆಯ ಪಟಕ ಸಡಿಲವಾಗಿ ಕಿವಿಯ ಮೇಲೆ ಬಿದ್ದಿತ್ತು. "ಸಾಹೇಬ್ರ, ನಮ್ಮ ಅಜ್ಜನ ಕಾಲದಿಂದ ಗುಡ್ಡದ ಹುಲ್ಲು ತರತೇವ್ರಿ. ಆಗ ಗುಡ್ಡ ಹರಿಲಿಲ್ಲ. ಸಾಹುಕಾರ್ರ ಅವ್ವಗ ಗಾಳಿ ಬೇಕಂತ ಜೀಪು ಹತ್ತಿತು. ಅದಕ್ಕ ನಮ್ಮ ಎತ್ತು ಉಪಾಸ ಬೀಳಬೇಕೇನ್ರಿ?"

ನಮ್ಮ ಮನೆಯವರ ಕತ್ತು ಕೆಂಪಾದದ್ದು ನನಗೆ ಹಿಂದಿನಿಂದ ಕಾಣಿಸಿತು. ನಾನು ಅತ್ತೆಯ ಕೈ ಹಿಡಿದುಕೊಳ್ಳಲು ಹೋದೆ. ಅಷ್ಟರಲ್ಲಿ ಅವರು ಜೀಪಿನಿಂದ ಇಳಿಯುತ್ತಿದ್ದರು. ಕಂಬಳಿಯ ಅಂಚಿನವರೆಗೆ ಹೋಗಿ ನಿಂತು, ಉಸಿರು ಹತೋಟಿಗೆ ಬರುವವರೆಗೆ ಕಾದು, ನಿಧಾನಕ್ಕೆ ಹೇಳಿದರು.

"ಆಂವ ಅನ್ನೂದು ಖರೆ ಐತ್ರಿ. ಮೊದಲ ಹೋದ ಗಾಲಿ ನಮ್ಮದು. ಮೊದಲ ನಮ್ಮದು ನಿಲ್ಲಲಿ. ಇವರ ಹುಲ್ಲಿಗೆ ಒಂದು ದಾರಿ ಬಿಡ್ರಿ."

ಅಷ್ಟು ಜನ ಗಂಡಸರ ಮುಂದೆ ಅವರು ಮಾತಾಡಿದ್ದು ನಾನು ನೋಡಿದ ಮೊದಲನೆಯ ಸಲ. ಸಾಹೇಬರು ಎದ್ದು ನಿಂತರು. ಗಾಡಿಯ ಮುದುಕ ಪಟಕ ಸರಿಮಾಡಿಕೊಂಡ. ಆಮೇಲೆ ಗಾರ್ಡ್‌ನ ಕಡೆ ತಿರುಗಿ, "ಆ ಹಳೆ ಕಲ್ಲದಾರಿ ಏನಾತೋ?" ಎಂದು ಕೇಳಿದ.

ಹಿಂದೆ ಒಂದು ದಾರಿ ಇತ್ತಂತೆ. ಗುಡ್ಡದ ಬೆನ್ನೆಲುಬಿನ ಮೇಲೆ ಬರೀ ಬಂಡೆಗಲ್ಲಿನಲ್ಲಿ ಸುತ್ತಿ ಸುತ್ತಿ ಹೋಗುವ ದಾರಿ. ಅಲ್ಲಿ ಮಣ್ಣೇ ಇಲ್ಲ, ಹಾಗಾಗಿ ಹರಿಯುವುದಕ್ಕೂ ಏನಿಲ್ಲ. ದೂರ, ಗಾಲಿಯ ಕೀಲು ಸವೆಯುತ್ತದೆ ಎಂದು ಎಲ್ಲರೂ ಬಿಟ್ಟುಬಿಟ್ಟಿದ್ದರು. ಅದು ಅರ್ಧ ಗುಡ್ಡದ ಮೇಲೆ ಒಂದು ಅಗಲವಾದ ಹಾಸುಬಂಡೆಗೆ ಹೋಗಿ ನಿಲ್ಲುತ್ತದೆ. ಮಾತು ಬಹಳ ಹೊತ್ತು ನಡೆಯಿತು. ಬಿಸಿಲು ಮರದ ಈ ಕಡೆಯಿಂದ ಆ ಕಡೆಗೆ ಹೋಯಿತು. ಕೊನೆಗೆ ಆದದ್ದು ಇಷ್ಟು: ಗಾಡಿಯಾಗಲಿ ಜೀಪಾಗಲಿ ಆ ಕಲ್ಲದಾರಿ ಒಂದರಲ್ಲೇ ಹೋಗಬೇಕು, ಹಾಸುಬಂಡೆಯ ಮೇಲೆ ನಿಲ್ಲಬೇಕು, ಅಲ್ಲಿಂದ ಮುಂದೆ ಕಾಲ್ನಡಿಗೆ. ಹುಲ್ಲನ್ನು ತಲೆಯ ಮೇಲೆ ಹೊತ್ತು ಅಲ್ಲಿಯವರೆಗೆ ತಂದು ಗಾಡಿಗೆ ಹೇರಬೇಕು. ಮಳೆಗಾಲದಲ್ಲಿ ಯಾವ ಗಾಲಿಯೂ ಬೇಡ. ಉಳಿದ ದಾರಿಗಳನ್ನೆಲ್ಲ ಮುಚ್ಚಬೇಕು. ಬರೀ ಕಂಟಿ ಹಾಕಿದರೆ ಸಾಲದು, ಕೊರಕಲುಗಳಿಗೆ ಅಡ್ಡಡ್ಡ ಕಲ್ಲು ಕಟ್ಟಬೇಕು ಎಂದ ಗಾರ್ಡ್. ಕಟ್ಟುವವರು ಯಾರು ಎಂದಾಗ ಜೀಪಿನವರೆಲ್ಲ ಆಳು ಕಳಿಸುವುದಾಗಿ ಒಪ್ಪಿದರು.

ಮನೆಗೆ ಬಂದ ಮೇಲೆ ಅತ್ತೆ ಮಗನಿಗೆ, "ಆಳು ಕಳಸು. ನೀನೂ ಹೋಗು," ಎಂದರು.

ಅವರು ಹೋದರು. ಕೈಯಲ್ಲಿ ತಕ್ಕಡಿ, ಹತ್ತಿ ಬಿಟ್ಟರೆ ಬೇರೆ ಏನೂ ಹಿಡಿಯದ ಮನುಷ್ಯ. ಮೊದಲ ದಿನವೇ ಅಂಗೈಯಲ್ಲಿ ಗುಳ್ಳೆ ಎದ್ದವು. ಗಾಡಿಯ ಮುದುಕನೂ ಬಂದಿದ್ದ. ಕಲ್ಲನ್ನು ಹೇಗೆ ಎತ್ತಿದರೆ ಸೊಂಟ ಹಿಡಿಯುವುದಿಲ್ಲ ಎಂದು ಅವನು ತೋರಿಸಿಕೊಟ್ಟನಂತೆ. ನಾನು ಬುತ್ತಿ ತೆಗೆದುಕೊಂಡು ಕೆಲವು ಸಲ ಹೋದೆ. ಹೋದಮೇಲೆ ಸುಮ್ಮನೆ ಕೂಡಲಾಗದೆ ಸಣ್ಣ ಕಲ್ಲುಗಳನ್ನು ಸೆರಗಿನಲ್ಲಿ ತುಂಬಿಕೊಂಡು ತಂದು ಸಂದಿಗಳಿಗೆ ತುರುಕುತ್ತಿದ್ದೆ. ಆ ಕುರಿಗಾರ ಹೆಂಗಸು ತನ್ನ ಕುರಿಗಳನ್ನು ದಿಬ್ಬದ ಮೇಲೆ ಬಿಟ್ಟು ಬಂದು ನನ್ನ ಜೊತೆ ಕೂಡುತ್ತಿದ್ದಳು. ಒಂದು ಸಲ ಕೊರಕಲಿನೊಳಗೆ ನಾವಿಬ್ಬರೇ ಇದ್ದೆವು. ಮೇಲೆ ಒಂದು ಪಟ್ಟಿಯಷ್ಟು ಆಕಾಶ, ಎರಡೂ ಕಡೆ ಕೆಂಪು ಗೋಡೆ, ತಂಪು. ಗಂಡಸರ ದನಿ ಬಹಳ ದೂರದಿಂದ ಬಂದ ಹಾಗಿತ್ತು. ಅವಳು ಸೊಂಟದಿಂದ ಕವಳಿಹಣ್ಣಿನ ಗಂಟು ಬಿಚ್ಚಿದಳು. ಕಪ್ಪು ಹಣ್ಣು ತಿಂದು ಇಬ್ಬರ ನಾಲಿಗೆಯೂ ನೇರಳೆಯಾಯಿತು. ನಾಲಿಗೆ ಚಾಚಿ ಒಬ್ಬರಿಗೊಬ್ಬರು ತೋರಿಸಿ ನಕ್ಕೆವು. ಅವಳ ಹೆಸರು ನಾನು ಕೇಳಲಿಲ್ಲ, ಅವಳೂ ನನ್ನದು ಕೇಳಲಿಲ್ಲ.

ಕಲ್ಲದಾರಿಯಲ್ಲಿ ಜೀಪು ಮೊದಲ ಸಲ ಹೋದಾಗ ತೆಪ್ಪದ ಸುಖವೆಲ್ಲ ಹೋಗಿತ್ತು. ಹಲ್ಲಿಗೆ ಹಲ್ಲು ಬಡಿಯುತ್ತಿತ್ತು. "ಎಲುಬು ಎಣಸಾಕತ್ತೈತಿ ಈ ದಾರಿ," ಎಂದು ಅತ್ತೆ ಗೊಣಗಿದರು. ಹಾಸುಬಂಡೆಯ ಮೇಲೆ ಇಳಿದು, ಕೋಲು ಊರಿಕೊಂಡು, ನನ್ನ ಭುಜ ಹಿಡಿದು ಹುಲ್ಲಿನ ಕಡೆ ನಡೆದರು. ಸ್ವಲ್ಪ ನಡೆಯುವುದು, ನಿಲ್ಲುವುದು, ಉಸಿರು ತೆಗೆದುಕೊಳ್ಳುವುದು. ನಿಂತಾಗಲೆಲ್ಲ ಅವರು ಏನಾದರೂ ಒಂದನ್ನು ನೋಡುತ್ತಿದ್ದರು. ಹುಲ್ಲಿನ ಕಡ್ಡಿಗೆ ಕಟ್ಟಿದ ಜೇಡರ ಬಲೆ, ಕಲ್ಲಿನ ಬಣ್ಣದ್ದೇ ಆದ ಒಂದು ಹಕ್ಕಿ, ಎಲೆಯ ತಳದಲ್ಲಿ ಬಿಟ್ಟ ಸಾಸಿವೆಯಷ್ಟು ಹೂ. ಇಷ್ಟು ವರ್ಷ ಬಂದರೂ ನಮಗೆ ಇವು ಕಂಡಿರಲಿಲ್ಲ. ನೆತ್ತಿ ಅವರಿಗೆ ಮತ್ತೆ ಸಿಗಲಿಲ್ಲ. ಅಲ್ಲಿಗೆ ಹೋಗಲು ಎದೆಯಲ್ಲಿ ಶಕ್ತಿ ಇರಲಿಲ್ಲ. ಬಂಡೆಯಿಂದ ಸ್ವಲ್ಪ ಮೇಲೆ ಒಂದು ಓರೆಯಾದ ಹುಲ್ಲುಬಯಲು, ಅಲ್ಲಿಗೆ ಅವರ ಗುಡ್ಡ ಮುಗಿಯುತ್ತಿತ್ತು. ಗಾಳಿ ಅಲ್ಲಿಯೂ ಇತ್ತು. ನೆತ್ತಿಯದಷ್ಟು ಇರಲಿಲ್ಲ, ಆದರೂ ಇತ್ತು.

ಕರ್ನಾಟಕ ಒಂದಾದ ದಿನ ಗದಗಿನಲ್ಲಿ ದೊಡ್ಡ ಮೆರವಣಿಗೆ ಆಯಿತು. ನಮ್ಮ ಜೀಪಿಗೂ ಮಾವಿನ ತೋರಣ, ಚೆಂಡುಹೂವಿನ ಸರ ಕಟ್ಟಿ ಒಯ್ದಿದ್ದರು. ಅದರ ಮರುವರ್ಷ ಗುಡ್ಡಕ್ಕೆ ಮೈಸೂರು ಕಡೆಯ ಒಬ್ಬ ಹೊಸ ಅಧಿಕಾರಿ ಬಂದರು. ಎಳೆಯ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಬಹಳ ಮೃದುವಾದ ಮಾತು. ಹಾಸುಬಂಡೆಯ ಮೇಲೆ ನಮ್ಮನ್ನು ಕಂಡು, ಅತ್ತೆಯವರ ನಡಿಗೆ ನೋಡಿ ಅವರಿಗೆ ಮರುಕವಾಯಿತು.

"ಅಜ್ಜಿ, ನೀವ್ಯಾಕೆ ಇಷ್ಟು ಕಷ್ಟಪಟ್ಕೊಂಡು ನಡೀತಿದ್ದೀರಾ? ವಯಸ್ಸಾದವರಿಗೆ ಅಂತ ನಾನು ವಿಶೇಷ ಅನುಮತಿ ಕೊಡಿಸ್ತೀನಿ. ಗಾಡಿ ಮೇಲ್ಗಡೆವರೆಗೂ ಹೋಗ್ಲಿ."

ಅತ್ತೆ ನನ್ನ ಕಡೆ ನೋಡಿ, "ಏನಂತಾನವಾ ಈಂವ?" ಎಂದರು.

ನಾನು ಕನ್ನಡವನ್ನು ಕನ್ನಡಕ್ಕೆ ತಿರುಗಿಸಿ ಹೇಳಿದೆ. "ಮುದುಕರಿಗೆ ಜೀಪು ಮ್ಯಾಲಿನ ತನಕ ಬಿಡತೇನಿ ಅಂತಾರ್ರಿ ಅತ್ತಿ."

"ಚಲೋ ಹುಡುಗ ಅದಾನ. ಬ್ಯಾಡ ಅನ್ನು."

"ಬೇಡವಂತೆ," ಎಂದೆ ನಾನು. ಅಷ್ಟು ಮಾತು ಆ ಅಧಿಕಾರಿಗೆ ಆಗಲೇ ತಿಳಿದಿತ್ತು. ಅವರು ನಕ್ಕರು. ಆದರೂ ಬಿಡದೆ, "ಒಂದೇ ಗಾಡಿ ಅಲ್ವೇ, ಏನಾಗುತ್ತೆ?" ಎಂದರು. ಗಾರ್ಡ್ ಅವರ ಹಿಂದೆ ನಿಂತಿದ್ದ. ಅವನ ಮೀಸೆ ಆಗಲೇ ನರೆತಿತ್ತು. ಅತ್ತೆ ಕೋಲಿನಿಂದ ಕೆಳಗಿನ ಇಳಿಜಾರು ತೋರಿಸಿ, "ಅಲ್ಲಿ ನೋಡಪಾ. ಅದೂ ಒಂದ ಗಾಡಿದು," ಎಂದರು.

ಅಲ್ಲಿ ನಮ್ಮ ಮೊದಲ ಕೊರಕಲು ಕಾಣುತ್ತಿತ್ತು. ಉಳಿದ ಗೆರೆಗಳನ್ನೆಲ್ಲ ಅಷ್ಟು ಹೊತ್ತಿಗೆ ಹುಲ್ಲು ನುಂಗಿತ್ತು. ಕಲ್ಲಿನ ಅಡ್ಡಗಟ್ಟೆಗಳ ಹಿಂದೆ ಮಣ್ಣು ನಿಂತು, ಮಣ್ಣಿನಲ್ಲಿ ಬೀಜ ಬಿದ್ದು, ಎಲ್ಲಿ ಯಾವ ಗಾಲಿ ಹೋಗಿತ್ತೆಂದು ಹೇಳುವ ಹಾಗಿರಲಿಲ್ಲ. ಇದೊಂದು ಮಾತ್ರ ಮುಚ್ಚಲಿಲ್ಲ. ಆಳ ಕಡಿಮೆಯಾಗಿತ್ತು, ದಂಡೆಯಲ್ಲಿ ಬಂದರಿಕೆಯ ಗಿಡ ಬೆಳೆದಿದ್ದವು, ಆದರೂ ಗುಡ್ಡದ ಮೈಯಲ್ಲಿ ಅದು ಇದ್ದೇ ಇತ್ತು. ಕೆಳಗಿನ ವರತೆಯ ನೀರು ಮಾತ್ರ ತಿಳಿಯಾಗಿದೆ ಎಂದು ಗಾರ್ಡ್ ಹೇಳಿದ. ಅಧಿಕಾರಿ ಬಹಳ ಹೊತ್ತು ಆ ಕಡೆ ನೋಡಿ, ನಮಗೆ ಕೈಮುಗಿದು ಕೆಳಗೆ ಇಳಿದು ಹೋದರು.

ಅವತ್ತು ಅತ್ತೆ ಎಂದಿಗಿಂತ ಸ್ವಲ್ಪ ಹೆಚ್ಚೇ ನಡೆದರು. ಹುಲ್ಲುಬಯಲಿಗೆ ಬಂದು ಕೂತು, ಕೂತಲ್ಲೇ ಒರಗಿ, ತೋಳಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟರು. ಮನೆಯಲ್ಲಿ ಮಲಗಿ ನಿದ್ದೆ ಮಾಡಿ ಎಷ್ಟು ಕಾಲವಾಗಿತ್ತೋ. ಹುಲ್ಲು ಅವರ ಮೇಲೆ ಬಾಗಿ ಬಾಗಿ ಏಳುತ್ತಿತ್ತು. ಒಂದು ಮೋಡದ ನೆರಳು ಬಂದು ನಮ್ಮನ್ನು ಮುಚ್ಚಿ, ತಂಪು ಮಾಡಿ, ಮುಂದೆ ಮುಂಡರಗಿಯ ಕಡೆ ಹೋಯಿತು. ನಮ್ಮ ಮನೆಯವರು ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಿಲ್ಲದೆ ಹತ್ತಿ ಬಂದರು. ತಾಯಿಯನ್ನು ನೋಡಿ ನನ್ನ ಪಕ್ಕ ಕೂತರು. "ಎಬ್ಬಸೂಣೇನ?" ಎಂದು ಪಿಸುಗುಟ್ಟಿದರು. ನಾನು ಬೇಡವೆಂದು ತಲೆ ಅಲ್ಲಾಡಿಸಿದೆ.

ಬಿಸಿಲು ಹಳದಿಯಾಗುವ ಹೊತ್ತಿಗೆ ಅವರು ತಾವಾಗಿಯೇ ಕಣ್ಣು ತೆರೆದರು. ಎಲ್ಲಿದ್ದೇನೆಂದು ತಿಳಿಯದೆ ಆಕಾಶ ನೋಡಿದರು.

"ಎಲ್ಲಿ ಅದೇವವಾ ನಾವು?"

"ಗುಡ್ಡದಾಗ ಅದೇವ್ರಿ."

"ಹೊತ್ತು ಆತೇನು?"

"ಇನ್ನೂ ಐತ್ರಿ."

"ಹಂಗಾರ ಇನ್ನೊಂದೀಟು ಮಲಗತೇನಿ," ಎಂದು ಅವರು ಮತ್ತೆ ಕಣ್ಣು ಮುಚ್ಚಿದರು.